ಪಿತ್ತಕೋಶದ ಅರ್ಬುದ ರೋಗವೂ ಗ್ರಾಮಗಳ ಅನ್ನ, ನೀರು ಮತ್ತು ನಡವಳಿಕೆಯೂ

ಮಸ್ಕಿ, ಸಿಂಧನೂರು ಮತ್ತು ಲಿಂಗಸುಗೂರು ತಾಲ್ಲೂಕುಗಳ ರೈತರು ಬೆಳೆಗೆ ಬರುವ ರೋಗಗಳನ್ನು ಚೆನ್ನಾಗಿ ಬಲ್ಲರು. ಜೋಳಕ್ಕೆ ಕಾಡಿಗೆ ಬಂದರೂ, ತೊಗರಿಗೆ ಕಾಯಿಕೊರೆಯುವ ಹುಳು ಬಿದ್ದರೂ, ಬತ್ತಕ್ಕೆ ಬೆಂಕಿರೋಗ ತಗುಲಿದರೂ ಒಡನೆಯೇ ಕಾರಣವನ್ನು ವಿಚಾರಿಸಿ ಔಷಧೋಪಚಾರ ಮಾಡುವರು. ಆದರೆ ಆ ಬೆಳೆಯನ್ನು ಉಣ್ಣುವವರಿಗೂ, ಅದನ್ನು ಕೊಯ್ಯುವ ಹೆಂಗಸರಿಗೂ ಬರುವ ಕೆಲವು ರೋಗಗಳ ಮೂಲವು ಅದೇ ಹೊಲ, ಅದೇ ಕಣ, ಅದೇ ಬಾವಿಗಳಲ್ಲಿ ಇರಬಹುದೆಂಬುದು ಅಷ್ಟಾಗಿ ತಿಳಿದಿರುವುದಿಲ್ಲ. ಅಂತಹ ರೋಗಗಳಲ್ಲಿ ಒಂದಾದ ಪಿತ್ತಕೋಶದ ಅರ್ಬುದ ಅಥವಾ ಕ್ಯಾನ್ಸರಿನ ವಿಷಯವನ್ನು ಇಲ್ಲಿ ವಿವರಿಸಿದೆ. ಈ ರೋಗವು ಈ ಭಾಗದಲ್ಲಿ ವಿರಳವಾದರೂ, ಬಂದಾಗ ಬಹು ಕ್ರೂರವಾದುದು; ಅದಕ್ಕೆ ಸಹಾಯಕವಾಗುವ ಕಾರಣಗಳಲ್ಲಿ ಹಲವು ಗ್ರಾಮದ ಮುಖಂಡರ ಮತ್ತು ಜಮೀನುದಾರರ ಕೈಯಲ್ಲಿ ಇರತಕ್ಕವು. ಆದುದರಿಂದ ಈ ವಿಷಯವು ವೈದ್ಯರಿಗೆ ಮಾತ್ರ ಸೇರಿದುದೆಂದು ಭಾವಿಸಕೂಡದು.

ಪಿತ್ತಕೋಶವೂ ಅದರ ಕಲ್ಲುಗಳೂ

ಮನುಷ್ಯನ ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಕೆಳಗೆ, ಯಕೃತ್ತಿಗೆ ಅಂಟಿಕೊಂಡಂತೆ ಒಂದು ಸಣ್ಣ ಚೀಲವಿದೆ. ಇದೇ ಪಿತ್ತಕೋಶವು. ಬದನೆಕಾಯಿಯ ಆಕಾರದಲ್ಲಿದ್ದು, ಸುಮಾರು 7ರಿಂದ 10 ಸೆಂಟಿಮೀಟರು ಉದ್ದವಾಗಿರುತ್ತದೆ. ಯಕೃತ್ತಿನಲ್ಲಿ ಉತ್ಪತ್ತಿಯಾಗುವ ಪಿತ್ತರಸವು ಇಲ್ಲಿ ಶೇಖರವಾಗಿ ಗಟ್ಟಿಯಾಗುವುದು. ಊಟ ಮಾಡಿದಾಗ, ಮುಖ್ಯವಾಗಿ ಜಿಡ್ಡಿನ ಪದಾರ್ಥವು ಒಳಗೆ ಹೋದಾಗ, ಚೀಲವು ಸಂಕುಚಿತವಾಗಿ ಪಿತ್ತವನ್ನು ಕರುಳಿಗೆ ಬಿಡುವುದು.

ಕೆರೆಯ ನೀರು ಹರಿಯದೆ ನಿಂತರೆ ತಳದಲ್ಲಿ ಹೂಳು ಕೂಡುವಂತೆ, ಪಿತ್ತವು ಬಹುಕಾಲ ಅಲುಗದೆ ನಿಂತರೆ ಅದರಲ್ಲಿರುವ ಕೊಬ್ಬಿನಂಶ ಮತ್ತು ಬಣ್ಣದಂಶಗಳು ಹರಳುಗಟ್ಟಿ ಕಲ್ಲುಗಳಾಗುತ್ತವೆ. ಕೆಲವು ಸಾಸಿವೆಯಷ್ಟು ಇರುತ್ತವೆ. ಕೆಲವು ನಿಂಬೆಯ ಗಾತ್ರಕ್ಕೂ ಬೆಳೆಯುತ್ತವೆ. ಈ ಕಲ್ಲುಗಳು ಮೂತ್ರಪಿಂಡದ ಕಲ್ಲುಗಳಿಗಿಂತ ಬೇರೆಯಾದುವು. ಬಾಳೆಯ ದಿಂಡಿನ ರಸ ಕುಡಿದರೆ ಇವು ಕರಗುವುವೆಂಬ ನಂಬಿಕೆಗೆ ಆಧಾರವಿಲ್ಲ.

ಪಿತ್ತಕೋಶದ ಅರ್ಬುದ ಬಂದವರಲ್ಲಿ ಬಹುಪಾಲು ಮಂದಿಗೆ ಕಲ್ಲುಗಳು ಇದ್ದೇ ಇರುವುದೆಂದು ಎಲ್ಲ ದೇಶಗಳ ವೈದ್ಯರೂ ಕಂಡುಕೊಂಡಿದ್ದಾರೆ. ಕಲ್ಲು ವರ್ಷಗಟ್ಟಲೆ ಒಳಗೋಡೆಯನ್ನು ಉಜ್ಜುತ್ತಿದ್ದರೆ ಅಲ್ಲಿ ಉರಿಯೂತವು ನೆಲೆಸಿ, ಗಾಯ ಮಾಯುವುದೂ ಮತ್ತೆ ಆಗುವುದೂ ನಡೆದು, ಕಡೆಗೆ ಜೀವಕಣಗಳು ಕಟ್ಟಳೆ ತಪ್ಪಿ ಬೆಳೆಯತೊಡಗುವುವು. ಆದರೆ ಇದನ್ನು ತಿರುಗಿಸಿ ಹೇಳಿ ಜನರನ್ನು ಹೆದರಿಸುವುದೂ ಸರಿಯಲ್ಲ. ಕಲ್ಲು ಇರುವ ನೂರು ಮಂದಿಯಲ್ಲಿ ಅರ್ಬುದಕ್ಕೆ ಗುರಿಯಾಗುವವರು ಒಂದೆರಡು ಮಂದಿ ಮಾತ್ರ. ಮೂರು ಸೆಂಟಿಮೀಟರಿಗಿಂತ ದೊಡ್ಡ ಕಲ್ಲು ಇರುವವರಿಗೆ ಅಪಾಯವು ಹೆಚ್ಚು.

ರೋಗವು ಎಲ್ಲಿ ಹೆಚ್ಚು

ಲೋಕದಲ್ಲಿ ಈ ರೋಗವು ಎಲ್ಲೆಡೆಯೂ ಸಮವಾಗಿ ಹರಡಿಲ್ಲ. ದಕ್ಷಿಣ ಅಮೆರಿಕದ ಚಿಲಿ ಮತ್ತು ಬೊಲಿವಿಯ ದೇಶಗಳಲ್ಲಿಯೂ, ನಮ್ಮ ದೇಶದ ಉತ್ತರ ಮತ್ತು ಈಶಾನ್ಯ ಭಾಗಗಳಲ್ಲಿಯೂ ಇದು ಬಹಳವಾಗಿ ಕಾಣುತ್ತದೆ. ದೆಹಲಿ, ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳ, ಅಸ್ಸಾಮ್ ಈ ಪಟ್ಟಿಗೆ ಸೇರಿದುವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆಯುವ ಅರ್ಬುದ ದಾಖಲೆಗಳನ್ನು ನೋಡಿದರೆ, ದೆಹಲಿಯಲ್ಲಿಯೂ ಅಸ್ಸಾಮಿನ ಕಾಮರೂಪದಲ್ಲಿಯೂ ವರ್ಷಕ್ಕೆ ಲಕ್ಷ ಹೆಂಗಸರಲ್ಲಿ ಹತ್ತಕ್ಕೂ ಮೀರಿ ಈ ರೋಗಕ್ಕೆ ತುತ್ತಾಗುವರು. ಬೆಂಗಳೂರು ಚೆನ್ನೈಗಳಲ್ಲಿ ಆ ಸಂಖ್ಯೆ ಒಂದೆರಡನ್ನು ಮೀರುವುದು ಅಪರೂಪ. ಹೆಚ್ಚಿನ ಕಡೆಗಳಲ್ಲಿ ಗಂಡಸರಿಗಿಂತ ಹೆಂಗಸರಲ್ಲಿ ರೋಗವು ಹೆಚ್ಚು.

ಹೀಗೆ ಒಂದೇ ದೇಶದೊಳಗೆ ಇಷ್ಟು ಅಂತರವಿರಬೇಕಾದರೆ ಕಾರಣವು ರಕ್ತದಲ್ಲಿ ಮಾತ್ರ ಇರಲಾರದು. ಅನ್ನ, ಎಣ್ಣೆ, ನೀರು, ಬಡತನ ಇವುಗಳಲ್ಲಿಯೂ ಹುಡುಕಬೇಕಾಗುತ್ತದೆ. ಹಾಗೆ ಹುಡುಕಿದವರು ಕಂಡ ಕಾರಣಗಳಲ್ಲಿ ಹೆಚ್ಚಿನವು ರಾಯಚೂರು ಸೀಮೆಯಲ್ಲಿಯೂ ಸ್ವಲ್ಪ ಸ್ವಲ್ಪವಾಗಿ ಇರುವುವು. ಈಗ ಇಲ್ಲಿ ರೋಗವು ಕಡಿಮೆಯೆಂಬುದು ಸುದೈವ. ಅದನ್ನು ಕಾಪಾಡಿಕೊಳ್ಳುವುದು ಬುದ್ಧಿವಂತರ ಕೆಲಸ.

ಆಹಾರದಲ್ಲಿ ಆದ ಬದಲಾವಣೆ

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಬಳಿಕ ಸಿಂಧನೂರಿನ ಕಪ್ಪು ನೆಲವು ಬತ್ತದ ನೆಲವಾಯಿತು. ಜೋಳದ ರೊಟ್ಟಿಯನ್ನು ಮೂರು ಹೊತ್ತೂ ಉಣ್ಣುತ್ತಿದ್ದ ಮನೆಗಳಲ್ಲಿ ಪಾಲಿಷ್ ಮಾಡಿದ ಬಿಳಿ ಅಕ್ಕಿಯ ಅನ್ನವು ಬಂದಿತು. ಇದರಿಂದ ರೈತನ ಕೈಯಲ್ಲಿ ಹಣ ಓಡಾಡಿತೆಂಬುದು ನಿಜ. ಆದರೆ ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆಯಿದೆ. ನಾರು ಕಡಿಮೆಯಾಗಿ, ಸಕ್ಕರೆ, ಮೈದಾ, ಕರಿದ ತಿಂಡಿಗಳು ಹೆಚ್ಚಿ, ಮೈಯಲ್ಲಿ ಬೊಜ್ಜು ಬೆಳೆದಾಗ ಪಿತ್ತದಲ್ಲಿ ಕೊಬ್ಬಿನಂಶವು ಅಧಿಕವಾಗಿ ಕಲ್ಲುಗಳು ಹುಟ್ಟುವುದಕ್ಕೆ ಅನುಕೂಲವಾಗುವುದು. ಸ್ಥೂಲಕಾಯವು ಕಲ್ಲಿಗೂ ಪಿತ್ತಕೋಶದ ಅರ್ಬುದಕ್ಕೂ ನಿಶ್ಚಿತವಾದ ಕಾರಣವೆಂದು ಈಗ ಒಪ್ಪಲಾಗಿದೆ.

ಈ ಸೀಮೆಯ ಹಳೆಯ ಊಟವನ್ನು ವಿಚಾರಿಸಿದರೆ ಅದರಲ್ಲಿ ತೆಗೆದುಹಾಕತಕ್ಕುದು ಬಹಳವಿಲ್ಲ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಹೆಸರುಕಾಳಿನ ಪಲ್ಯ, ತೊಗರಿ ಬೇಳೆ, ಪುಂಡಿಪಲ್ಯ, ಮೆಂತೆ, ಹಸಿಯಾಗಿಯೇ ರೊಟ್ಟಿಯೊಡನೆ ಕಚ್ಚುವ ಹಕ್ಕರಿಕೆ, ಮೂಲಂಗಿ, ಸೌತೆ, ಉಳ್ಳಾಗಡ್ಡಿ, ಅಗಸಿ ಮತ್ತು ಗುರೆಳ್ಳಿನ ಪುಡಿ, ಮಜ್ಜಿಗೆ ಇವೆಲ್ಲವೂ ಒಳ್ಳೆಯ ಆಹಾರಗಳೇ. ಹಣ್ಣು ಸೊಪ್ಪುಗಳನ್ನು ಹೆಚ್ಚಾಗಿ ಉಣ್ಣುವವರಲ್ಲಿ ಪಿತ್ತಕೋಶದ ಅರ್ಬುದವು ಕಡಿಮೆಯೆಂದು ಅನೇಕ ಸಂಶೋಧನೆಗಳು ತೋರಿಸಿವೆ. ಬತ್ತ ಬೆಳೆಯುವವನು ಅನ್ನವನ್ನು ಬಿಡಬೇಕಾದುದಿಲ್ಲ. ಆದರೆ ತನ್ನ ಜಮೀನಿನ ಒಂದು ಮೂಲೆಯನ್ನಾದರೂ ಮನೆಯ ಜೋಳಕ್ಕೂ ಕಾಳಿಗೂ ಸೊಪ್ಪಿಗೂ ಮೀಸಲಿಡುವುದು ಲೇಸು.

ಊಟದ ಹೊತ್ತಿನ ವಿಷಯವೂ ಮುಖ್ಯವಾದುದು. ಬಹಳ ಹೊತ್ತು ಉಪವಾಸವಿದ್ದರೆ ಪಿತ್ತವು ಚೀಲದಲ್ಲಿಯೇ ನಿಲ್ಲುವುದು. ಕೂಲಿಯ ಹೆಂಗಸರು ನಸುಕಿನಲ್ಲಿಯೇ ಎದ್ದು, ಮನೆಯವರಿಗೆಲ್ಲ ಬುತ್ತಿ ಕಟ್ಟಿ, ತಾವು ಚಹಾ ಮಾತ್ರ ಕುಡಿದು ಹೊಲಕ್ಕೆ ಬಂದು ಮಧ್ಯಾಹ್ನದವರೆಗೆ ಏನೂ ತಿನ್ನದೆ ದುಡಿಯುವುದು ಎಲ್ಲರೂ ಕಂಡ ಸಂಗತಿ. ನಾಟಿ ಮತ್ತು ಕಳೆಯ ಕಾಲದಲ್ಲಿ ಬೆಳಗಿನ ಊಟಕ್ಕೆ ಬಿಡುವು ಕೊಡುವುದು ಜಮೀನುದಾರನಿಗೆ ನಷ್ಟದ ಮಾತಲ್ಲ.

ಕುಡಿಯುವ ನೀರೂ ವಿಷಮಶೀತ ಜ್ವರವೂ

ಟೈಫಾಯಿಡ್ ಎಂಬ ವಿಷಮಶೀತ ಜ್ವರವು ರೋಗಿಯ ಮಲದಿಂದ ಕೆಟ್ಟ ನೀರು ಮತ್ತು ಆಹಾರಗಳ ಮೂಲಕ ಹರಡುತ್ತದೆ. ಜ್ವರ ಬಿಟ್ಟ ಮೇಲೆ ರೋಗಿಯು ಗುಣವಾದನೆಂದು ಎಲ್ಲರೂ ತಿಳಿಯುವರು. ಆದರೆ ನೂರರಲ್ಲಿ ಎರಡರಿಂದ ಐದು ಮಂದಿಯ ದೇಹದಲ್ಲಿ ಆ ಜ್ವರದ ಸೂಕ್ಷ್ಮಜೀವಿಗಳು ವರ್ಷಗಟ್ಟಲೆ ಉಳಿಯುತ್ತವೆ. ಅವುಗಳ ಅಡಗುದಾಣವೇ ಪಿತ್ತಕೋಶ. ಕಲ್ಲುಗಳಿದ್ದರೆ ಅವುಗಳ ಮೇಲೆ ಲೋಳೆಯ ಪದರವನ್ನು ಕಟ್ಟಿಕೊಂಡು ಔಷಧಕ್ಕೂ ಜಗ್ಗದೆ ನೆಲೆಸುವುವು. ಅಂತಹ ಮನುಷ್ಯನು ಆರೋಗ್ಯವಂತನಂತೆ ಕಂಡರೂ ಇತರರಿಗೆ ಜ್ವರವನ್ನು ಹಂಚುತ್ತಿರುವನು, ತನ್ನ ಪಿತ್ತಕೋಶದಲ್ಲಿಯೂ ಬೇನೆಯನ್ನು ಸಾಕುತ್ತಿರುವನು.

ಸ್ಕಾಟ್ಲೆಂಡಿನ ಅಬರ್ಡೀನ್ ಪಟ್ಟಣದಲ್ಲಿ 1964ರಲ್ಲಿ ಡಬ್ಬಿಯ ಮಾಂಸದ ಮೂಲಕ ವಿಷಮಶೀತ ಜ್ವರವು ಹರಡಿ ನಾನೂರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಮೂವತ್ತು ವರ್ಷಗಳ ಬಳಿಕ ವಿಚಾರಿಸಿದಾಗ, ಪೂರ್ಣವಾಗಿ ಗುಣವಾದವರಿಗೆ ಹೆಚ್ಚಿನ ಅಪಾಯವು ಕಾಣಲಿಲ್ಲ. ಆದರೆ ಸೂಕ್ಷ್ಮಜೀವಿಯನ್ನು ಒಳಗಿಟ್ಟುಕೊಂಡು ಉಳಿದವರಲ್ಲಿ ಪಿತ್ತಕೋಶದ ಅರ್ಬುದವು ಬಹು ಪಟ್ಟು ಅಧಿಕವಾಗಿತ್ತು. ಗಂಗಾತೀರದ ಪ್ರಾಂತಗಳಲ್ಲಿ ನಡೆದ ಪರಿಶೀಲನೆಗಳೂ ಇದನ್ನೇ ಸೂಚಿಸಿವೆ.

ರಾಯಚೂರು ಪಟ್ಟಣದಲ್ಲಿಯೇ 2022ರ ಬೇಸಗೆಯಲ್ಲಿ ಕೆಟ್ಟ ನೀರು ಕುಡಿದು ಹಲವರು ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದುದೂ, ಕೆಲವರು ಪ್ರಾಣ ಬಿಟ್ಟುದೂ ಜಿಲ್ಲೆಯವರಿಗೆ ಮರೆತಿರಲಾರದು. ಅದು ಬೇರೆ ಕಾಯಿಲೆಯಾದರೂ ದಾರಿ ಒಂದೇ. ಕಾಲುವೆಯ ನೀರನ್ನು ಕೆರೆಗೆ ತುಂಬಿ ಕುಡಿಯುವ ಊರುಗಳಲ್ಲಿ ಕೆರೆಯ ದಂಡೆಯನ್ನು ಬಯಲು ಕಡೆಗೆ ಉಪಯೋಗಿಸುವುದೂ, ದನ ತೊಳೆಯುವುದೂ, ಕೊಳವೆ ಒಡೆದ ಕಡೆ ಚರಂಡಿಯ ನೀರು ಸೇರುವುದೂ ನಿಲ್ಲದ ಹೊರತು ಜ್ವರವು ನಿಲ್ಲುವುದಿಲ್ಲ. ವಿಷಮಶೀತ ಜ್ವರಕ್ಕೆ ಈಗ ಉತ್ತಮವಾದ ಲಸಿಕೆಯೂ ಇದೆ. ಆರು ತಿಂಗಳು ತುಂಬಿದ ಮಕ್ಕಳಿಗೂ ಅದನ್ನು ಹಾಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಸೂಚಿಸಿದೆ.

ಚಿನ್ನದ ನೆಲದಲ್ಲಿರುವ ಪಾಷಾಣ

ಮಸ್ಕಿಯ ಹೆಸರು ಅಶೋಕ ಚಕ್ರವರ್ತಿಯ ಬಂಡೆ ಶಾಸನದಿಂದ ಲೋಕವಿಖ್ಯಾತವಾಗಿದೆ. 1915ರಲ್ಲಿ ಆ ಶಾಸನವನ್ನು ಬೆಳಕಿಗೆ ತಂದ ಬೀಡನ್ ಎಂಬ ಇಂಜಿನಿಯರು ಇಲ್ಲಿಗೆ ಬಂದಿದ್ದುದು ಚಿನ್ನವನ್ನು ಹುಡುಕುವುದಕ್ಕಾಗಿ. ಹಟ್ಟಿಯಿಂದ ಮಸ್ಕಿಯವರೆಗೆ ಹಬ್ಬಿರುವ ಶಿಲಾಪಟ್ಟಿಯಲ್ಲಿ ಪ್ರಾಚೀನ ಕಾಲದಿಂದ ಜನರು ಚಿನ್ನ ತೆಗೆಯುತ್ತಿದ್ದರು. ಹಟ್ಟಿಯ ಗಣಿಯಲ್ಲಿ ಈಗಲೂ ತೆಗೆಯಲಾಗುತ್ತಿದೆ. ಆದರೆ ಈ ಬಗೆಯ ಶಿಲೆಗಳಲ್ಲಿ ಚಿನ್ನದ ಜೊತೆಗೆ ಆರ್ಸೆನಿಕ್ ಎಂಬ ಪಾಷಾಣದ ಖನಿಜವೂ ಸೇರಿರುತ್ತದೆ. ಕೆಲವು ಕಡೆಗಳಲ್ಲಿ ಅದು ಕರಗಿ ಆಳದ ಕೊಳವೆಬಾವಿಗಳ ನೀರಿಗೆ ಬರುವುದು. ನೆರೆಯ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ, ಮಂಗಳೂರು ಎಂಬ ಗ್ರಾಮದ ಹಳೆಯ ಚಿನ್ನದ ಗಣಿಗೆ ಹತ್ತಿರವಿರುವ ಕಿರದಳ್ಳಿ ತಾಂಡಾದಲ್ಲಿ, ಕೊಳವೆಬಾವಿಯ ನೀರು ಕುಡಿದ ಲಂಬಾಣಿ ಕುಟುಂಬಗಳವರ ಚರ್ಮದ ಮೇಲೆ ಪಾಷಾಣದ ಗುರುತುಗಳು ಕಂಡುಬಂದುವೆಂದು ಸಂಶೋಧಕರು 2013ರಲ್ಲಿ ಪ್ರಕಟಿಸಿದರು.

ಪಾಷಾಣವು ಚರ್ಮ, ಶ್ವಾಸಕೋಶ ಮತ್ತು ಮೂತ್ರಕೋಶಗಳ ಅರ್ಬುದಕ್ಕೆ ಕಾರಣವೆಂಬುದು ಬಹುಕಾಲದಿಂದ ತಿಳಿದುದೇ. ಅಸ್ಸಾಮ್ ಮತ್ತು ಬಿಹಾರಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಬಹುವರ್ಷ ಪಾಷಾಣಯುಕ್ತ ನೀರು ಕುಡಿದವರಿಗೆ ಪಿತ್ತಕೋಶದ ಅರ್ಬುದದ ಅಪಾಯವು ಇತರರಿಗಿಂತ ಸುಮಾರು ಎರಡು ಪಟ್ಟು ಎಂದು ಗೊತ್ತಾಗಿದೆ.

ಈ ವಿಷಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ನೀರನ್ನು ಕಾಯಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಾಢವಾಗುವುದು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೀರಕೂಡದೆಂದು ವಿಧಿಸಿದೆ. ಪರೀಕ್ಷೆಯ ಹೊರತು ತಿಳಿಯುವ ದಾರಿಯಿಲ್ಲ. ಅಂಗೈ ಅಂಗಾಲುಗಳಲ್ಲಿ ಗಟ್ಟಿ ಗಂಟುಗಳೂ, ಎದೆ ಬೆನ್ನುಗಳ ಮೇಲೆ ಮಳೆಹನಿ ಸಿಡಿದಂತೆ ಕಪ್ಪು ಬಿಳಿ ಮಚ್ಚೆಗಳೂ ಒಂದೇ ಓಣಿಯ ಹಲವರಲ್ಲಿ ಕಂಡರೆ ಆ ಬಾವಿಯನ್ನು ಕೂಡಲೇ ಸಂದೇಹಿಸತಕ್ಕದ್ದು.

ಬೇಸಾಯಕ್ಕೂ ಇದರ ಸಂಬಂಧವಿದೆ. ನೀರು ನಿಲ್ಲಿಸಿದ ಗದ್ದೆಯಲ್ಲಿ ಪಾಷಾಣವು ಬೇರಿಗೆ ಸುಲಭವಾಗಿ ಒದಗುವುದರಿಂದ ಬತ್ತವು ಅದನ್ನು ಇತರ ಧಾನ್ಯಗಳಿಗಿಂತ ಹೆಚ್ಚಾಗಿ ಹೀರುವುದು. ಸಂದೇಹವುಳ್ಳ ಕೊಳವೆಬಾವಿಯ ನೀರಿನಲ್ಲಿ ಬತ್ತಕ್ಕೆ ಬದಲು ಜೋಳ, ತೊಗರಿ, ಕಡಲೆ ಬೆಳೆಯುವುದು ಕ್ಷೇಮ. ಒಳ್ಳೆಯ ನೀರನ್ನು ಧಾರಾಳವಾಗಿ ಹಾಕಿ ಅನ್ನ ಮಾಡಿ ಗಂಜಿಯನ್ನು ಬಸಿಯುವ ಪದ್ಧತಿಯಿಂದ ಅಕ್ಕಿಯಲ್ಲಿರುವ ಪಾಷಾಣದಲ್ಲಿ ಒಂದು ಭಾಗವು ಹೊರಹೋಗುವುದು.

ಬೂಷ್ಟು ಹಿಡಿದ ಶೇಂಗಾ ಮತ್ತು ಮೆಣಸಿನಕಾಯಿ

1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕು ಟರ್ಕಿ ಕೋಳಿಗಳು ಸತ್ತುವು. ಕಾರಣವನ್ನು ಹುಡುಕಿದಾಗ ಅವುಗಳಿಗೆ ಹಾಕಿದ ಶೇಂಗಾ ಹಿಂಡಿಯಲ್ಲಿ ಒಂದು ಬೂಷ್ಟಿನ ವಿಷವಿದ್ದುದು ಕಂಡುಬಂದಿತು. ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. 1974ರಲ್ಲಿ ರಾಜಸ್ಥಾನ ಗುಜರಾತುಗಳ ಗಡಿಯಲ್ಲಿ ಇದೇ ವಿಷವಿದ್ದ ಮೆಕ್ಕೆಜೋಳವನ್ನು ತಿಂದು ನೂರಕ್ಕೂ ಹೆಚ್ಚು ಬಡಜನರು ಕಾಮಾಲೆಯಿಂದ ಸತ್ತರು. ಇದು ಯಕೃತ್ತಿನ ಅರ್ಬುದಕ್ಕೆ ಕಾರಣವೆಂಬುದು ನಿಶ್ಚಿತ. ಚಿಲಿ ದೇಶದಲ್ಲಿಯೂ ಚೀನದ ಶಾಂಘೈಯಲ್ಲಿಯೂ ಪಿತ್ತಕೋಶದ ಅರ್ಬುದ ರೋಗಿಗಳ ರಕ್ತವನ್ನು ಪರೀಕ್ಷಿಸಿದಾಗ, ಇತರರಿಗಿಂತ ಅವರಲ್ಲಿ ಈ ವಿಷದ ಗುರುತು ಹೆಚ್ಚಾಗಿ ಸಿಕ್ಕಿದೆ. ಚಿಲಿಯಲ್ಲಿ ಸಂದೇಹವು ಮುಖ್ಯವಾಗಿ ಕೆಂಪು ಮೆಣಸಿನಕಾಯಿಯ ಮೇಲೆ ಬಿದ್ದಿದೆ. ಶೇಂಗಾ ಚಟ್ನಿ, ಕೆಂಪು ಖಾರ ಇವೆರಡೂ ನಿತ್ಯದ ಊಟದಲ್ಲಿರುವ ಈ ಸೀಮೆಗೆ ಇದು ಎಚ್ಚರಿಕೆಯ ಮಾತು.

ಬೂಷ್ಟಿನ ನಿವಾರಣೆಯು ಪೂರ್ಣವಾಗಿ ಬೇಸಾಯಗಾರನ ಕೈಯಲ್ಲಿದೆ. ಶೇಂಗಾ ಕಾಯಿ ಬಲಿಯುವ ಕಾಲದಲ್ಲಿ ನೆಲವು ಒಣಗಿದರೆ ಬೂಷ್ಟು ಹೊಲದಲ್ಲಿಯೇ ಕಾಯಿಯನ್ನು ಹೊಕ್ಕುವುದು. ಆದುದರಿಂದ ಅನುಕೂಲವಿದ್ದವರು ಆಗ ಒಂದು ನೀರನ್ನು ಕೊಡತಕ್ಕದ್ದು. ಹೂ ಬಿಡುವ ಹೊತ್ತಿಗೆ ಎಕರೆಗೆ 200 ಕಿಲೋ ಜಿಪ್ಸಂ ಹಾಕಿದರೆ ಸಿಪ್ಪೆ ಗಟ್ಟಿಯಾಗಿ ಬೂಷ್ಟಿಗೆ ತಡೆಯಾಗುವುದು. ಕೀಳುವಾಗ ಗುದ್ದಲಿಯ ಪೆಟ್ಟು ತಗುಲಿದ ಕಾಯಿಗಳನ್ನು ಬೇರೆ ಇಡಬೇಕು. ಗಿಡಗಳನ್ನು ಕಾಯಿ ಮೇಲಾಗಿ ಬೋರಲು ಹಾಕಿ ಒಣಗಿಸಿ, ಬೀಜದಲ್ಲಿ ತೇವವು ನೂರಕ್ಕೆ 8ಕ್ಕಿಂತ ಕಡಿಮೆಯಾದ ಮೇಲೆ, ಅಂದರೆ ಕಾಯಿಯನ್ನು ಅಲುಗಿಸಿದರೆ ಗಲಗಲನೆ ಸದ್ದಾಗುವ ಹದಕ್ಕೆ ಬಂದ ಮೇಲೆ, ಚೀಲ ತುಂಬಬೇಕು. ಸುಲಿಯುವ ಯಂತ್ರದಲ್ಲಿ ಕಾಳು ಒಡೆಯಬಾರದೆಂದು ಕಾಯಿಗೆ ನೀರು ಚಿಮುಕಿಸುವ ವಾಡಿಕೆಯು ಬೂಷ್ಟನ್ನು ತಾನಾಗಿ ಬಿತ್ತಿದಂತೆ.

ಮೆಣಸಿನಕಾಯಿಯನ್ನು ಬರೀ ನೆಲದ ಮೇಲೆ ಹರಡದೆ ತಾಡಪತ್ರಿಯ ಮೇಲೆಯೋ ಸಾರಿಸಿದ ಶುಭ್ರವಾದ ಕಣದಲ್ಲಿಯೋ ತೆಳುವಾಗಿ ಹರಡಿ, ರಾತ್ರಿ ಇಬ್ಬನಿ ಬೀಳದಂತೆ ಮುಚ್ಚಿ ಒಣಗಿಸಬೇಕು. ತೂಕ ಬರಲೆಂದು ನೀರು ಹೊಡೆಯುವುದು ಕೊಳ್ಳುವವನಿಗೂ ತಿನ್ನುವವನಿಗೂ ದ್ರೋಹ.

ಬಣ್ಣಗೆಟ್ಟ, ಸುಕ್ಕಿದ, ಕಹಿಯಾದ ಶೇಂಗಾ ಕಾಳುಗಳನ್ನು ಆರಿಸಿ ಸುಟ್ಟುಬಿಡತಕ್ಕದ್ದು. ಅವುಗಳನ್ನು ಗಾಣಕ್ಕೆ ಕೊಟ್ಟರೆ ವಿಷವು ಎಣ್ಣೆಗೂ ಹಿಂಡಿಗೂ ಬರುವುದು. ಹಿಂಡಿಯನ್ನು ತಿಂದ ಎಮ್ಮೆಯ ಹಾಲಿಗೂ ಇಳಿಯುವುದು. ಒಳ್ಳೆಯದನ್ನು ಪೇಟೆಗೆ ಕಳುಹಿಸಿ ಆರಿಸಿ ತೆಗೆದ ಕೆಟ್ಟ ಕಾಳನ್ನು ಆಳುಗಳಿಗೆ ಕೊಡುವುದು ಔದಾರ್ಯವೆಂದು ಯಾರಾದರೂ ಎಣಿಸಿದ್ದರೆ, ಅದು ಔದಾರ್ಯವಲ್ಲ. ಬಡವನ ಮನೆಗೆ ವಿಷವನ್ನು ಹೊರಿಸಿ ಕಳುಹಿಸಿದಂತಾಗುವುದು.

ಅರಸಿನ ದತ್ತೂರಿಯ ಬೀಜ

ಬೀಳು ಹೊಲಗಳಲ್ಲಿಯೂ ಬದುಗಳ ಮೇಲೆಯೂ ಬೆಳೆಯುವ, ಮುಳ್ಳೆಲೆಯ ಮೇಲೆ ಬಿಳಿಯ ಗೆರೆಗಳುಳ್ಳ, ಹಳದಿ ಹೂವಿನ, ಮುರಿದರೆ ಹಳದಿ ಹಾಲು ಸುರಿಸುವ ಅರಸಿನ ದತ್ತೂರಿ ಗಿಡವು ಎಲ್ಲರಿಗೂ ಪರಿಚಿತ. ಅದರ ಕರಿಯ ಬೀಜವು ಸಾಸಿವೆಯನ್ನೇ ಹೋಲುವುದು. ಉತ್ತರದೇಶದಲ್ಲಿ ಇದು ಸಾಸಿವೆ ಎಣ್ಣೆಯಲ್ಲಿ ಬೆರೆತು 1998ರಲ್ಲಿ ದೆಹಲಿಯಲ್ಲಿ ಸಾವಿರಾರು ಮಂದಿಗೆ ಮೈ ಬಾವು ಬಂದು, ಅರವತ್ತಕ್ಕೂ ಹೆಚ್ಚು ಮಂದಿ ಮೃತರಾದರು. ಈ ಬೀಜದಲ್ಲಿರುವ ಸಾಂಗ್ವಿನರಿನ್ ಎಂಬ ವಿಷವು ಪಿತ್ತಕೋಶದ ಅರ್ಬುದಕ್ಕೂ ಸಹಾಯಕವೆಂದು ಅಲ್ಲಿನ ವೈದ್ಯರು ಸಂದೇಹಿಸಿದ್ದಾರೆ. ರಾಯಚೂರು ಸೀಮೆಯ ಎಣ್ಣೆ ಶೇಂಗಾ, ಕುಸುಬಿ, ಸೂರ್ಯಕಾಂತಿಗಳದು. ಆದುದರಿಂದ ಈ ಅಪಾಯವು ಇಲ್ಲಿ ಸ್ವಲ್ಪವೇ. ಆದರೂ ಒಗ್ಗರಣೆಯ ಸಾಸಿವೆಯನ್ನು ಆರಿಸಿ ಕೊಳ್ಳುವುದೂ, ಬದುವಿನ ಗಿಡಗಳನ್ನು ಕಾಯಿ ಕಟ್ಟುವ ಮೊದಲೇ ಕಿತ್ತು ಹಾಕುವುದೂ ಉಚಿತ. ಹೊರಗಿನಿಂದ ಬಂದ ಬಿಡಿ ಎಣ್ಣೆಯನ್ನು ಅಗ್ಗವೆಂದು ಕೊಳ್ಳಕೂಡದು.

ಬಡತನ, ಹೆಣ್ಣು ಮತ್ತು ತಡ

ಮೇಲೆ ಹೇಳಿದ ಕಾರಣಗಳೆಲ್ಲ ಬಡವರಲ್ಲಿ ಒಟ್ಟುಗೂಡುತ್ತವೆ. ಕೆಟ್ಟ ನೀರು, ಅಗ್ಗದ ಎಣ್ಣೆ, ಬೂಷ್ಟು ಹಿಡಿದ ಕಾಳು, ಸೊಪ್ಪು ಹಣ್ಣುಗಳ ಕೊರತೆ ಇವು ಒಂದೇ ಮನೆಯಲ್ಲಿ ಇರುವುವು. ಹೆಂಗಸರಲ್ಲಿ ಇನ್ನೊಂದು ಕಾರಣವಿದೆ. ಗರ್ಭಿಣಿಯಾದಾಗ ದೇಹದ ರಸಗಳ ಬದಲಾವಣೆಯಿಂದ ಪಿತ್ತಕೋಶವು ಮಂದವಾಗುವುದು. ಎಳೆಯ ವಯಸ್ಸಿನಲ್ಲಿ ಮದುವೆಯಾಗಿ ಅನೇಕ ಹೆರಿಗೆಗಳಾದವರಲ್ಲಿ ಕಲ್ಲೂ ಅರ್ಬುದವೂ ಹೆಚ್ಚು. ಬಾಲ್ಯವಿವಾಹವು ಕಾನೂನಿಗೆ ವಿರುದ್ಧವೆಂಬುದಲ್ಲದೆ ದೇಹಕ್ಕೂ ವಿರುದ್ಧವೆಂಬುದಕ್ಕೆ ಇದೊಂದು ಸಾಕ್ಷಿ. ತಂಬಾಕಿನ ಸೇವನೆಯೂ ಅಪಾಯವನ್ನು ಹೆಚ್ಚಿಸುವುದೆಂದು ಕೆಲವು ಪರಿಶೀಲನೆಗಳು ಹೇಳುತ್ತವೆ.

ಎಲ್ಲಕ್ಕಿಂತ ದೊಡ್ಡ ಕಾರಣವು ತಡ. ಊಟವಾದ ಒಂದೆರಡು ಗಂಟೆಯಲ್ಲಿ ಬಲಪಕ್ಕೆಯ ಕೆಳಗೆ ನೋವು ಹುಟ್ಟಿ ಬಲ ಹೆಗಲಿನ ಕಡೆಗೆ ಹೋಗುವುದು, ವಾಂತಿಯಾಗುವುದು, ತಾನಾಗಿ ನಿಲ್ಲುವುದು, ಮತ್ತೆ ಬರುವುದು ಕಲ್ಲಿನ ಲಕ್ಷಣ. ಹೆಣ್ಣುಮಗಳು ಇದನ್ನು "ಪಿತ್ತ ಆಗ್ಯದ" ಎಂದೋ "ಗ್ಯಾಸ್" ಎಂದೋ ಹೇಳಿ ಸೋಡಾ ಕುಡಿದು ಕೆಲಸಕ್ಕೆ ಹೋಗುವಳು. ಸುಗ್ಗಿ ಮುಗಿಯಲಿ, ಮಗಳ ಮದುವೆ ಆಗಲಿ, ಹಬ್ಬ ಕಳೆಯಲಿ ಎಂದು ವರ್ಷಗಳು ಹೋಗುವುವು. ಕೊನೆಗೆ ಕಣ್ಣು ಮೂತ್ರಗಳು ಹಳದಿಯಾಗಿ, ಮಲವು ಬೂದಿಯ ಬಣ್ಣಕ್ಕೆ ತಿರುಗಿ, ಮೈಯೆಲ್ಲ ತುರಿಸಿ, ದೇಹವು ಬಡಕಲಾದಾಗ ಕಾಮಾಲೆಯೆಂದು ಎಲೆಮದ್ದು ಹಾಕಿಸಲು ಒಯ್ಯುವರು. ಮದ್ದಿನ ಪಥ್ಯದಲ್ಲಿ ಮತ್ತೆ ಕೆಲವು ವಾರಗಳು ಕಳೆದುಹೋಗುವುವು. ಆಸ್ಪತ್ರೆಗೆ ಬರುವ ವೇಳೆಗೆ ರೋಗವು ಯಕೃತ್ತಿಗೆ ಹಬ್ಬಿರುತ್ತದೆ. ಪಿತ್ತಕೋಶದ ಒಳಪದರದಲ್ಲಿಯೇ ಇರುವಾಗ ತೆಗೆದರೆ ಬಹುಮಟ್ಟಿಗೆ ಎಲ್ಲರೂ ಗುಣವಾಗುವ ರೋಗವು, ಹೀಗೆ ಹಬ್ಬಿದ ಮೇಲೆ ಐದು ವರ್ಷ ಬದುಕುವವರು ಬೆರಳೆಣಿಕೆಯಷ್ಟಾಗುವ ರೋಗವಾಗಿ ಮಾರ್ಪಡುವುದು.

ಪರೀಕ್ಷೆ ಮತ್ತು ಚಿಕಿತ್ಸೆ

ಪರೀಕ್ಷೆಯು ಸುಲಭವಾದುದು. ಸ್ಕ್ಯಾನಿಂಗ್ ಎಂದು ಜನರು ಕರೆಯುವ ಅಲ್ಟ್ರಾಸೌಂಡ್ ಯಂತ್ರದಿಂದ ಹೊಟ್ಟೆಯನ್ನು ನೋಡಿದರೆ ಕಲ್ಲು, ಗೋಡೆಯ ದಪ್ಪ, ಗಂಟು ಎಲ್ಲವೂ ಕಾಣುವುವು. ಇದರಲ್ಲಿ ನೋವಿಲ್ಲ, ಸೂಜಿಯಿಲ್ಲ. ಆರೆಂಟು ಗಂಟೆಗಳ ಕಾಲ ಏನೂ ತಿನ್ನದೆ ಹೋದರೆ ಸಾಕು. ನೋವು ಕೊಡುವ ಕಲ್ಲಿದ್ದರೆ ಪಿತ್ತಕೋಶವನ್ನೇ ತೆಗೆಯುವುದು ಸರಿಯಾದ ಚಿಕಿತ್ಸೆ. ಅದಿಲ್ಲದೆಯೂ ಮನುಷ್ಯನು ಎಂದಿನಂತೆ ಉಂಡು ದುಡಿಯಬಲ್ಲನು. ಏಕೆಂದರೆ ಪಿತ್ತವು ಯಕೃತ್ತಿನಿಂದ ನೇರವಾಗಿ ಕರುಳಿಗೆ ಇಳಿಯುವುದು. ಕಲ್ಲಿದ್ದು ನೋವಿಲ್ಲದವರಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಆದರೆ ಕಲ್ಲು ಬಹು ದೊಡ್ಡದಾಗಿದ್ದರೆ, ಗೋಡೆಯು ಸುಣ್ಣಗಟ್ಟಿದ್ದರೆ, ಅಥವಾ ಒಂದು ಸೆಂಟಿಮೀಟರಿಗೆ ಮೀರಿದ ಗಂಟಿದ್ದರೆ ವೈದ್ಯರ ಮಾತಿನಂತೆ ನಡೆಯಬೇಕು. ತೆಗೆದ ಪಿತ್ತಕೋಶವನ್ನು ಸೂಕ್ಷ್ಮದರ್ಶಕ ಪರೀಕ್ಷೆಗೆ ಕಳುಹಿಸಿ ಅದರ ವರದಿಯನ್ನು ಕೇಳಿ ಪಡೆಯುವುದನ್ನು ಮರೆಯಕೂಡದು. ಕಲ್ಲಿಗೆಂದು ತೆಗೆದ ಚೀಲದಲ್ಲಿ ಕೆಲವು ವೇಳೆ ಮೊದಲ ಹಂತದ ಅರ್ಬುದವು ಸಿಕ್ಕುವುದುಂಟು.

ತಾಲ್ಲೂಕು ಆಸ್ಪತ್ರೆಯಿಂದ ರಾಯಚೂರಿನ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಗೂ, ಅಗತ್ಯವಿದ್ದಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೂ ರೋಗಿಯನ್ನು ಕಳುಹಿಸುವ ಏರ್ಪಾಡಿದೆ. ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ವೆಚ್ಚವು ದೊರೆಯುವುದು.

ಗ್ರಾಮದ ಮುಖಂಡರು ಮಾಡತಕ್ಕ ಕೆಲಸಗಳು

1. ಊರಿನ ಎಲ್ಲ ಕುಡಿಯುವ ನೀರಿನ ಕೊಳವೆಬಾವಿಗಳ ನೀರನ್ನು ಪಾಷಾಣ, ಫ್ಲೋರೈಡ್ ಮತ್ತು ಸೂಕ್ಷ್ಮಜೀವಿಗಳ ಪರೀಕ್ಷೆಗೆ ಕಳುಹಿಸಿ, ಫಲಿತಾಂಶವನ್ನು ಪಂಚಾಯತಿ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿಸುವುದು. ಕೆಟ್ಟ ಬಾವಿಗೆ ಕೆಂಪು ಬಣ್ಣ ಬಳಿಸುವುದು. ತಾಂಡಾ ಮತ್ತು ಕೇರಿಗಳ ಬಾವಿಗಳನ್ನು ಮೊದಲು ನೋಡಿಸುವುದು.

2. ಕೆರೆಯ ಸುತ್ತ ಬೇಲಿ ಹಾಕಿಸಿ, ನೀರಿಗೆ ಕ್ಲೋರಿನ್ ಹಾಕುವುದನ್ನು ತಪ್ಪದೆ ನಡೆಯಿಸುವುದು. ಕಟ್ಟಿದ ಶೌಚಾಲಯಗಳು ಸೌದೆ ತುಂಬುವ ಕೋಣೆಗಳಾಗದಂತೆ ನೋಡಿಕೊಳ್ಳುವುದು.

3. ಸುಗ್ಗಿಯ ಮೊದಲು ಶೇಂಗಾ ಮತ್ತು ಮೆಣಸಿನಕಾಯಿ ಒಣಗಿಸಲು ಸಾಮೂಹಿಕ ಕಣವನ್ನು ಸಿದ್ಧಪಡಿಸುವುದು. ಕೆಟ್ಟ ಕಾಳನ್ನು ಯಾರಿಗೂ, ದನಕ್ಕೂ, ಕೊಡದಿರುವುದು.

4. ಹೊಲದಲ್ಲಿ ಕೆಲಸ ಮಾಡುವ ಹೆಂಗಸರಿಗೆ ಬೆಳಗಿನ ಊಟದ ಬಿಡುವನ್ನೂ ಶುದ್ಧವಾದ ಕುಡಿಯುವ ನೀರನ್ನೂ ಒದಗಿಸುವುದು.

5. ಬಲಪಕ್ಕೆಯ ನೋವು ಮತ್ತೆ ಮತ್ತೆ ಬರುವ, ಅದರಲ್ಲಿಯೂ ನಲವತ್ತು ದಾಟಿದ ಹೆಂಗಸರನ್ನು ಆಶಾ ಕಾರ್ಯಕರ್ತೆಯ ಮೂಲಕ ಗುರುತಿಸಿ ಸ್ಕ್ಯಾನಿಂಗಿಗೆ ಕಳುಹಿಸುವುದು. ಹೋಗಿಬರುವ ದಿನದ ಕೂಲಿಯನ್ನು ಜಮೀನುದಾರರು ಕಡಿಯದಿರುವುದು.

6. ಕಾಮಾಲೆ ಕಂಡವರನ್ನು ಎಲೆಮದ್ದಿಗೆ ಒಯ್ಯುವ ಮೊದಲು ಆಸ್ಪತ್ರೆಗೆ ಒಯ್ಯುವಂತೆ ಬುದ್ಧಿ ಹೇಳುವುದು.

ಈ ಕೆಲಸಗಳನ್ನು ಪಿತ್ತಕೋಶದ ಅರ್ಬುದಕ್ಕಾಗಿ ಮಾತ್ರ ಮಾಡಬೇಕೆಂದರೆ, ಇಷ್ಟು ವಿರಳವಾದ ರೋಗಕ್ಕೆ ಇಷ್ಟು ಶ್ರಮವೇಕೆಂದು ಯಾರಾದರೂ ಕೇಳಬಹುದು. ಒಳ್ಳೆಯ ನೀರು ಜ್ವರ ಭೇದಿಗಳನ್ನೂ ತಡೆಯುವುದು. ಚೆನ್ನಾಗಿ ಒಣಗಿದ ಶೇಂಗಾಕ್ಕೂ ಮೆಣಸಿನಕಾಯಿಗೂ ಪೇಟೆಯಲ್ಲಿ ಬೆಲೆ ಹೆಚ್ಚು. ಜೋಳ ಸೊಪ್ಪುಗಳ ಊಟವು ಸಕ್ಕರೆ ಕಾಯಿಲೆಯನ್ನೂ ದೂರವಿಡುವುದು. ಹೊತ್ತಿಗೆ ಉಂಡ ಆಳು ಹೆಚ್ಚು ಕೆಲಸ ಮಾಡುವನು. ಒಂದೇ ಬದುವು ಮಣ್ಣನ್ನೂ ನೀರನ್ನೂ ಹಿಡಿಯುವಂತೆ, ಇಲ್ಲಿ ಒಂದು ಪ್ರಯತ್ನಕ್ಕೆ ಹಲವು ಫಲಗಳಿವೆ. ಮುಂಗಾರಿನ ಸಿದ್ಧತೆಯೊಡನೆಯೇ ಮೊದಲನೆಯದಾಗಿ ನೀರಿನ ಪರೀಕ್ಷೆಯನ್ನು ಮಾಡಿಸಿದಲ್ಲಿ ಉಳಿದ ಕೆಲಸಗಳು ತಾವಾಗಿ ದಾರಿಗೆ ಬರುವುವು.